ಬೂಟಿನ ಮೇಲಿನ ಕಲ್ಲು

ನಲವತ್ತೊಂದು, ನಲವತ್ತೆರಡು. ಅದರ ಪಕ್ಕಕ್ಕೆ ನಲವತ್ತೇಳು.

ಸೂರಪ್ಪ ಗಾಳಿದುರ್ಗದ ಎರಡನೆಯ ಬಾಗಿಲಿನ ಗೋಡೆಯನ್ನು ಬೆರಳಿನಿಂದ ಸವರುತ್ತ ಇನ್ನೊಮ್ಮೆ ಓದಿದ. ಒಂದೊಂದು ಕಲ್ಲಿನ ಮೇಲೂ ಬಿಳಿ ಬಣ್ಣದಲ್ಲಿ ಅಂಕಿ ಬರೆಸಿದ್ದವನು ಸತ್ತುಹೋದ ಓವರ್ಸಿಯರ್. ದುರಸ್ತಿಗೆಂದು ಬಿಚ್ಚಿದ ಕಲ್ಲು ಮತ್ತೆ ತನ್ನ ಜಾಗದಲ್ಲೇ ಕೂರಬೇಕೆಂದು ಹಟ ಹಿಡಿದಿದ್ದ ಮನುಷ್ಯ. ಅಂಕಿ ತಪ್ಪಿದ ಕಡೆ ಈಗ ಕಾಡುಗಲ್ಲು ತುರುಕಿ ಸುಣ್ಣ ಮೆತ್ತಿದ್ದರು.

"ಏನು ಎಣಿಸ್ತಿದೀರಿ ದಫೇದಾರ್ರೇ? ರಿಟೈರಾಗಿ ಮೂರು ತಿಂಗಳಾದ್ರೂ ಚಟ ಹೋಗ್ಲಿಲ್ಲ ನೋಡ್ರಿ," ಎಂದು ಹಿಂದಿನಿಂದ ಕರಿಬಸವರಾಜ ನಕ್ಕ. ಕೋಟೆ ದುರಸ್ತಿಯ ಕಂಟ್ರಾಕ್ಟರ್ ಅವನೇ. ಇಸ್ತ್ರಿ ಮಾಡಿದ ಧೋತರ, ಕಾಲಿಗೆ ಮಿರಮಿರ ಮಿಂಚುವ ಪಂಪ್ ಶೂ.

"ನಾಲ್ಕು ಕಲ್ಲು ಇಲ್ಲ, ಸಾವ್ಕಾರ್ರೇ."

"ಬಿರುಕು ಬಿಟ್ಟಿದ್ವು. ತೆಗೆಸಿ ಒಗೆಸಿದೆ. ಹಳೇ ಕಲ್ಲು, ಇಟ್ಕೊಂಡು ಪೂಜೆ ಮಾಡಬೇಕಾ?"

ಆ ನಾಲ್ಕರಲ್ಲಿ ಒಂದನ್ನು ಸೂರಪ್ಪ ಹಿಂದಿನ ವಾರವಷ್ಟೇ ನೋಡಿ ಬಂದಿದ್ದ. ದಾವಣಗೆರೆಯಲ್ಲಿ ಕರಿಬಸವರಾಜ ಹೊಸದಾಗಿ ಕಟ್ಟಿಸಿದ ಹತ್ತಿ ಗೋದಾಮಿನ ಬಾಗಿಲ ಪಕ್ಕದಲ್ಲಿ, ಗಿಳಿಯ ಕೆತ್ತನೆಯ ಕಲ್ಲೊಂದು ಹಸಿರು ಬಣ್ಣ ಬಳಿಸಿಕೊಂಡು ಕೂತಿತ್ತು. ಮೂಲೆಯಲ್ಲಿ ನಲವತ್ತನಾಲ್ಕು ಎಂಬ ಅಂಕಿ ಬಣ್ಣದ ಅಡಿಯಿಂದ ಇಣುಕುತ್ತಿತ್ತು. ಆದರೆ ಸೂರಪ್ಪ ಬಾಯಿ ಬಿಡಲಿಲ್ಲ. ಮೂವತ್ತು ವರ್ಷ ಪೊಲೀಸಿನಲ್ಲಿ ಉಂಡವನಿಗೆ ಅಷ್ಟಾದರೂ ಬಂದಿರಬೇಕಲ್ಲ.

ಎಂಟು ತಿಂಗಳ ಹಿಂದೆ ಓವರ್ಸಿಯರನ ಹೆಣ ಸಿಕ್ಕಿದ್ದು ಇದೇ ಕೋಟೆಯಲ್ಲಿ, ನೆಲದೊಳಗೆ ಕಾಳು ತುಂಬಿಡುವ ಹಗೇವಿನಲ್ಲಿ, ತಲೆಯ ಹಿಂಭಾಗ ಒಡೆದ ಸ್ಥಿತಿಯಲ್ಲಿ. ಪಕ್ಕದಲ್ಲಿ ಕಾವಲುಗಾರ ಅಮೀರ್ ಜಾನನ ಲಾಟೀನು ಇತ್ತು, ಬಾಗಿಲ ಬೀಗದ ಕೈ ಅಮೀರ್ ಜಾನನ ಸೊಂಟದಲ್ಲಿತ್ತು, ಎರಡು ದಿನದ ಹಿಂದೆ ಇಬ್ಬರಿಗೂ ಜಗಳವಾಗಿತ್ತು. ಅಷ್ಟು ಸಾಕಾಯಿತು. ಅಮೀರ್ ಜಾನ್ ಈಗ ಚಿತ್ರದುರ್ಗದ ಜೈಲಿನಲ್ಲಿ ಕೂತಿದ್ದಾನೆ. ಸೋಮವಾರ ತೀರ್ಪು. ಇವತ್ತು ಶನಿವಾರ.

ಆ ಪಂಚನಾಮೆ ಬರೆದ ಕೈ ಸೂರಪ್ಪನದು. ಠಾಣೆಯಲ್ಲೆಲ್ಲ ಅವನ ಅಕ್ಷರವೇ ಚಂದ ಎಂದು ಸಬ್ ಇನ್ಸ್‌ಪೆಕ್ಟರು ಅವನಿಂದಲೇ ಬರೆಸಿದ್ದರು. ಬರೆಯುತ್ತಿರುವಾಗ ಕೋಳ ತೊಟ್ಟ ಅಮೀರ್ ಜಾನ್ ಅವನ ಪಕ್ಕಕ್ಕೆ ಬಂದು, "ನಾ ಹೇಳೋದನ್ನೂ ಒಂದು ಸಾಲು ಬರ್ಕೊಳ್ರಿ ದಫೇದಾರ್ ಸಾಬ್," ಎಂದು ಬೇಡಿಕೊಂಡಿದ್ದ. ಸೂರಪ್ಪ ತಲೆ ಎತ್ತದೆ, 'ಅತ್ತ ಸರ್ಕೋ' ಎಂದಿದ್ದ. ಆ ಮಾತು ಈಗ ಉಣ್ಣುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

"ಅಣ್ಣಾ, ಬಿಸಿಲು ಏರ್ತೈತೆ. ನೋಡೋದಿದ್ರೆ ಜಲ್ದಿ ನೋಡು," ಎಂದ ಸಣ್ಣತಿಮ್ಮಪ್ಪ, ಹೆಗಲ ಮೇಲೆ ಹಗ್ಗದ ಸುರುಳಿ, ಕೈಯಲ್ಲಿ ಲಾಟೀನು. ಸೂರಪ್ಪನ ತಮ್ಮ. ಹದಿನಾಲ್ಕು ವರ್ಷ ಚಿಕ್ಕವನು. ಕರಿಬಸವರಾಜನ ಹತ್ತಿರ ಕಲ್ಲಿನ ಗಾಡಿ ಹೊಡೆಯುವ ಕೆಲಸಕ್ಕೆ ಅವನನ್ನು ಕೈಹಿಡಿದು ತಂದು ಸೇರಿಸಿದವನೂ ಸೂರಪ್ಪನೇ. ಇವತ್ತು ಸಹಾಯಕ್ಕಿರಲಿ ಎಂದು ಕರೆತಂದಿದ್ದ.

ಮೂವರೂ ಮೇಲೆ ಹತ್ತಿದರು. ಕರಿಬಸವರಾಜನಿಗೆ ಕೋಟೆ ತೋರಿಸುವುದೆಂದರೆ ತನ್ನ ಸ್ವಂತ ಮನೆ ತೋರಿಸಿದ ಖುಷಿ.

"ನೋಡ್ರಿ, ಇಲ್ಲಿ ದಾರಿ ಮುರಿದು ಮುರಿದು ತಿರುವಿದಾರೆ. ಆನೆ ಓಡಿ ಬಂದು ಬಾಗ್ಲಿಗೆ ಗುದ್ದೋಕೆ ಜಾಗನೇ ಇಲ್ಲ. ತಲೆ ಅಂದ್ರೆ ತಲೆ! ಅಗೋ, ಆ ಬುರುಜಿನ ಮ್ಯಾಲೆ ಬತೇರಿ. ಆ ತೋಪು ತಿರುಗಿಸಿದ್ರೆ ಹೊಳೆ ದಂಡೆ ತನಕ ಗುಂಡು ಹೋಗ್ತಿತ್ತಂತೆ. ಹರಿಹರದ ಕಡೆಯಿಂದ ಯಾವನು ಬಂದ್ರೂ ಇಲ್ಲಿಂದಲೇ ಕಾಣ್ತಾನೆ."

ಬತೇರಿಯ ಮೇಲಿಂದ ತುಂಗಭದ್ರೆ ಬೇಸಗೆಯ ಮರಳಿನ ನಡುವೆ ಸಣ್ಣಗೆ ಹೊಳೆಯುತ್ತಿತ್ತು. ಇತ್ತ ದಾವಣಗೆರೆಯ ಹತ್ತಿ ಗಿರಣಿಗಳ ಹೊಗೆ. ಸೂರಪ್ಪನಿಗೆ ನೋಡುವ ಮನಸ್ಸಿರಲಿಲ್ಲ. ಇಷ್ಟು ಗಟ್ಟಿ ಗೋಡೆ, ಇಷ್ಟು ಬುದ್ಧಿಯ ತಿರುವು, ಇಷ್ಟು ದೂರ ಕಾಣುವ ಬತೇರಿ, ಎಲ್ಲ ಹೊರಗಿನಿಂದ ಬರುವವನಿಗೆ. ಒಳಗಿದ್ದುಕೊಂಡೇ ಕಲ್ಲು ಕೀಳುವವನಿಗೆ ಕಟ್ಟಿದವರು ಏನೂ ಯೋಚಿಸಿರಲಿಲ್ಲ ಎಂದು ಅವನಿಗೆ ಕೆಟ್ಟ ಸಿಟ್ಟು ಬಂತು.

ದುರ್ಗವ್ವನ ಗುಡಿಯ ಮೆಟ್ಟಿಲ ಮುಂದೆ ಅವನ ಕಾಲು ತಾನಾಗಿ ನಿಂತಿತು. ನಾಲ್ಕು ದಿನದ ಹಿಂದೆ ಇದೇ ಮೆಟ್ಟಿಲ ಮೇಲೆ ಕೂತು, ಗುಡಿ ಗುಡಿಸುವ ಸುಂಕಲಮ್ಮ ಒಂದು ಮಾತು ಹೇಳಿದ್ದಳು.

"ಆ ಓವರ್ಸಿಯರ್ ಪುಣ್ಯಾತ್ಮ ಗುಡಿಯೊಳಗ ಬರ್ತಾನೇ ಇರಲಿಲ್ಲ ನೋಡಪ್ಪ. ಬಂದ ವಾರದಾಗ ಚೇಳು ಕಡೀತು. ಮೂರು ದಿನ ಒದ್ದಾಡಿದ. ಆಮ್ಯಾಲೆ ಕೋಟೆಯಾಗ ಬೂಟು ಬಿಚ್ಚಿದ್ದೇ ನಾ ಕಾಣೆ. ತಾಯಿಗೂ ಹೊರಗ ನಿಂತೇ ಕೈ ಮುಗಿಯೋನು. ಬೈದೆ, ನಕ್ಕ. ಸುಂಕಲಮ್ಮ, ನಿಮ್ಮ ದೇವಿ ಕ್ಷಮಿಸ್ತಾಳೆ, ಚೇಳು ಕ್ಷಮಿಸಲ್ಲ, ಅಂದ."

ಕೇಳಿದ ಕೂಡಲೇ ಸೂರಪ್ಪ ಮೆಟ್ಟಿಲಿಂದ ಎದ್ದು ನಿಂತಿದ್ದ. ದೇವಿಯ ಮುಂದೆ ಬಿಚ್ಚದ ಬೂಟನ್ನು, ಆ ಮೈಸೂರು ಕಡೆಯ ಮನುಷ್ಯ, ಹಾಳು ಬಿದ್ದ ಒಂದು ಹಗೇವಿನ ಮುಂದೆ ಬಿಚ್ಚಿಟ್ಟನೇ?

ಪಂಚನಾಮೆಯಲ್ಲಿ ತಾನೇ ಬರೆದ ಸಾಲು ಕಣ್ಣ ಮುಂದೆ ಬಂತು. 'ಹಗೇವಿನ ಬಾಯಿಯ ಬಳಿ ಮೃತನ ಬೂಟು ಒಂದು ಜೊತೆ, ಅವುಗಳ ಮೇಲೆ ತೆಂಗಿನಕಾಯಿ ಗಾತ್ರದ ಕಲ್ಲು ಒಂದು.' ಕಲ್ಲಿನಲ್ಲಿ ರಕ್ತದ ಕಲೆ ಇರಲಿಲ್ಲ. ಹೊಡೆದ ಕಲ್ಲಲ್ಲ ಎಂದು ಸಬ್ ಇನ್ಸ್‌ಪೆಕ್ಟರು ಅದನ್ನು ಅಲ್ಲೇ ಬಿಟ್ಟರು. ಆ ಕಲ್ಲಿನ ಗುಟ್ಟು ಸೂರಪ್ಪನಿಗೆ ಇವತ್ತಿಗೂ ತಿಳಿದಿರಲಿಲ್ಲ.

ಬೂಟಿನ ಮಾತು ಹಾಗಲ್ಲ. ಅದನ್ನು ಕಂಡೂ ಕಾಣದೆ ಹೋಗಿದ್ದು ಅವನದೇ ತಪ್ಪು. ಅವನೊಬ್ಬನದಲ್ಲ, ಪಂಚರಾಗಿ ಬಂದ ಲೋಕಿಕೆರೆಯ ಇಬ್ಬರು ರೈತರದೂ ಹೌದು. ಜೋಳ ತುಂಬಿದ ಹಗೇವು ಲಕ್ಷ್ಮಿಯ ಹೊಟ್ಟೆ ಎಂದು ಈ ಸೀಮೆಯ ಒಕ್ಕಲು ಮಕ್ಕಳಿಗೆ ಹಾಲು ಕುಡಿಯುವಾಗಲೇ ಹೇಳಿರುತ್ತಾರೆ. ಖಾಲಿ ಇದ್ದರೂ ಸರಿ, ಮೆಟ್ಟು ಮೆಟ್ಟಿಕೊಂಡು ಅದಕ್ಕೆ ಇಳಿಯುವಂತಿಲ್ಲ. ಅವತ್ತು ಪಂಚನಾಮೆಗೆ ಬಂದವರೆಲ್ಲ ತಂತಮ್ಮ ಚಪ್ಪಲಿಗಳನ್ನು ಹಗೇವಿನ ಪಕ್ಕ ಬಿಟ್ಟೇ ನಿಂತಿದ್ದರು. ಆ ಸಾಲಿನಲ್ಲಿ ಸತ್ತವನ ಬೂಟೂ ಇತ್ತು. ಯಾರ ಕಣ್ಣಿಗೂ ಅದು ಚುಚ್ಚಲಿಲ್ಲ. ಇರಬೇಕಾದದ್ದು ಇರಬೇಕಾದ ಜಾಗದಲ್ಲಿದೆ ಎಂದು ಸೂರಪ್ಪ ಚಂದದ ಅಕ್ಷರದಲ್ಲಿ ಬರೆದು ಮುಗಿಸಿದ್ದ.

ಅಂದಮೇಲೆ ಬೂಟು ಬಿಚ್ಚಿದವನು ಓವರ್ಸಿಯರ್ ಅಲ್ಲ. ಕುದುರೆಗೆ ಲಾಳ ಕಟ್ಟುವ ಮನೆಯಲ್ಲಿ ಹುಟ್ಟಿದ ಅಮೀರ್ ಜಾನನೂ ಅಲ್ಲ, ಅವನಿಗೆ ಹಗೇವೆಂದರೆ ಒಂದು ಗುಂಡಿ ಅಷ್ಟೆ. ಓವರ್ಸಿಯರ್ ತಾನಾಗಿ ಇಳಿದು ಸತ್ತ ಎಂದು ತೋರಿಸಲು ಹೊರಟ ಯಾವನೋ ರೈತನ ಮಗ, ಇಳಿಯುವವನು ಬೂಟು ಬಿಚ್ಚಿಯೇ ಬಿಚ್ಚುತ್ತಾನೆಂದು ಬಿಚ್ಚಿ ಇಟ್ಟಿದ್ದ. ಅವನು ಕರಿಬಸವರಾಜನೇ ಎಂದು ಸೂರಪ್ಪನ ಲೆಕ್ಕಾಚಾರ. ಅದನ್ನು ಕಣ್ಣಾರೆ ನೋಡಬೇಕಿತ್ತು.

ಕಣಜದ ಮನೆ ಕೋಟೆಯ ಕೊನೆಯ ಸುತ್ತಿನಲ್ಲಿತ್ತು. ದಪ್ಪ ಕಂಬಗಳ ಕಲ್ಲಿನ ಮನೆ, ಒಳಗೆ ನೆಲದಲ್ಲಿ ನಾಲ್ಕು ಹಗೇವು. ಒಂದೊಂದರ ಬಾಯಿ ಒಬ್ಬ ಮನುಷ್ಯ ತೂರುವಷ್ಟೇ ಕಿರಿದು, ಒಳಗೆ ಹೊಟ್ಟೆ ಮಾತ್ರ ಕೊಡದಂತೆ ಅಗಲ, ಎರಡಾಳು ಆಳ. ಇಳಿದವನು ಹಗ್ಗವಿಲ್ಲದೆ ಮೇಲೆ ಬರಲಾರ.

"ಇಲ್ಲಿಗ್ಯಾಕ ಕರ್ಕೊಂಡು ಬಂದ್ರಿ?" ಕರಿಬಸವರಾಜನ ದನಿಯಲ್ಲಿ ಈಗ ಖುಷಿ ಇರಲಿಲ್ಲ.

"ಮೊನ್ನೆ ಜೈಲಿಗೆ ಹೋಗಿದ್ದೆ. ಅಮೀರ್ ಜಾನ್ ಒಂದು ಮಾತು ಹೇಳಿದ. ಕಲ್ಲಿನ ಅಂಕಿ ಬರೆದಿಡ್ತಿದ್ದ ಪುಸ್ತಕ ಒಂದಿತ್ತಲ್ಲ, ಓವರ್ಸಿಯರ್ದು. ಅದು ಇದೇ ಹಗೇವಿನಾಗ ಬಿತ್ತಂತೆ. ಕೆಳಗಿನ ಮಣ್ಣು ಯಾರೂ ಕೆದಕಿಲ್ಲ."

ಅಮೀರ್ ಜಾನ್ ಅಂಥದ್ದೇನೂ ಹೇಳಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಸೂರಪ್ಪನಿಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ. ಕರಿಬಸವರಾಜ ಮಾತ್ರ ಉಗುಳು ನುಂಗಿದ.

"ಎಂಟು ತಿಂಗಳಾತು. ಗೆದ್ದಲು ತಿಂದಿರ್ತೈತೆ ಬಿಡ್ರಿ."

"ಇದ್ರೂ ಇರಬಹುದು. ನಾನೇ ಇಳಿದು ನೋಡ್ತೀನಿ."

"ನಿಮಗ್ಯಾಕ ಈ ವಯಸ್ನಾಗ? ಕೈಕಾಲು ಮುರಕೊಂಡ್ರೆ ನಿಮ್ಮ ತಾಯಿ ಮೈಲಮ್ಮನೋರಿಗೆ ಯಾರು ಉತ್ತರ ಹೇಳೋದು? ನಾನೇ ಇಳಿತೀನಿ," ಎಂದು ಕರಿಬಸವರಾಜ ಆತುರಾತುರವಾಗಿ ತೋಳು ಮಡಿಸಿದ.

ಸಣ್ಣತಿಮ್ಮಪ್ಪ ಹಗ್ಗದ ತುದಿಯನ್ನು ಕಂಬಕ್ಕೆ ಬಿಗಿದ. ಲಾಟೀನು ಹಚ್ಚಿ ಮೊದಲು ಅದನ್ನು ಇಳಿಬಿಟ್ಟರು. ಹಗೇವಿನ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ, ದೀಪ ಆರಿದರೆ ಯಾರೂ ಇಳಿಯಬಾರದು. ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಕಾದರು. ಸ್ವಲ್ಪ ಸಣ್ಣಗಾದರೂ ದೀಪ ಉರಿಯುತ್ತಲೇ ಇತ್ತು.

ಸೂರಪ್ಪ ಉಸಿರು ಹಿಡಿದು ಕರಿಬಸವರಾಜನ ಕಾಲನ್ನೇ ನೋಡಿದ. ಬಿಚ್ಚು. ಬಿಚ್ಚು ಮಗನೇ. ಅಮೀರ್ ಜಾನನ ಹೆಂಡತಿ ಮಕ್ಕಳ ಆಣೆ, ಒಮ್ಮೆ ಬಿಚ್ಚು.

ಕರಿಬಸವರಾಜ ಹಗ್ಗ ಹಿಡಿದ, ಧೋತರ ಎತ್ತಿ ಕಟ್ಟಿದ, ಮಿರಮಿರ ಮಿಂಚುವ ಪಂಪ್ ಶೂ ಸಮೇತ ಹಗೇವಿನೊಳಕ್ಕೆ ಇಳಿದುಬಿಟ್ಟ. ಒಂದು ಕ್ಷಣವಾದರೂ ಅಳುಕಲಿಲ್ಲ. ಪೇಟೆಯಲ್ಲಿ ಹುಟ್ಟಿದವನು, ಜೋಳ ಅವನ ಮನೆಗೆ ಚೀಲದಲ್ಲಿ ಬರುತ್ತಿತ್ತು. ಅದನ್ನು ಸೂರಪ್ಪ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇವನಲ್ಲ. ಕಲ್ಲು ಕದ್ದವನು ಇವನು, ಬೂಟು ಬಿಚ್ಚಿಟ್ಟವನು ಇವನಲ್ಲ. ನಾಲ್ಕು ದಿನ ನಿದ್ದೆಗೆಟ್ಟು ಕಟ್ಟಿದ್ದು ನಾಲ್ಕು ಗಳಿಗೆಯಲ್ಲಿ ಕುಸಿದುಬಿತ್ತು. ಸೋಮವಾರ ಕೋರ್ಟಿಗೆ ಒಯ್ಯಲು ಅವನ ಕೈಯಲ್ಲಿ ಇನ್ನೇನೂ ಇರಲಿಲ್ಲ.

ಅಮೀರ್ ಜಾನನ ಹೆಂಡತಿಯ ಮುಖ ನೆನಪಾಯಿತು. ಸೂರಪ್ಪನ ತಾಯಿ ಮೈಲಮ್ಮ ಪ್ರತಿ ವಾರ ಐದು ಸೇರು ಜೋಳ ಅಳೆದು ಆ ಹೆಣ್ಣುಮಗಳಿಗೆ ಕಳಿಸುತ್ತಿದ್ದಳು. ತಮ್ಮೂರು ಶಾಮನೂರಿನಿಂದ ದಾವಣಗೆರೆಯ ಅವಳ ಮನೆಗೆ ಹೊತ್ತೊಯ್ಯುವವನು ಸೂರಪ್ಪನೇ. ಊರಲ್ಲಿ ಯಾರಿಗೂ ಬಾರದ ಕರುಣೆ ತನ್ನ ಅವ್ವನಿಗೆ ಬಂತಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಮುಂದಿನ ವಾರ ಯಾವ ಮುಖ ಇಟ್ಟುಕೊಂಡು ಆ ಜೋಳ ಒಯ್ಯುವುದು?

"ಇಲ್ಲಿ ಮಣ್ಣು ಬಿಟ್ರೆ ಏನಿಲ್ಲ!" ಕೆಳಗಿನಿಂದ ಕರಿಬಸವರಾಜನ ದನಿ ಕೊಡದೊಳಗಿಂದ ಬಂದಂತೆ ಬಂತು. "ಮೂಲೆಯಾಗ ಕಲ್ಲು ಬಿದ್ದಾವೆ. ಒಬ್ಬನ ಕೈಲಿ ಎತ್ತಾಕ ಆಗಲ್ಲ."

"ತಿಮ್ಮಪ್ಪ, ನೀನೂ ಇಳಿ. ಒಂದು ಕೈ ಹಾಕು," ಎಂದ ಸೂರಪ್ಪ. ಇನ್ನು ಪುಸ್ತಕ ಹುಡುಕಿದರೆಷ್ಟು, ಬಿಟ್ಟರೆಷ್ಟು. ಏನಾದರೂ ಹೇಳಬೇಕಲ್ಲ ಎಂದು ಹೇಳಿದ ಮಾತು.

"ಆತಣ್ಣಾ."

ಸಣ್ಣತಿಮ್ಮಪ್ಪ ಟೈರಿನ ಚಪ್ಪಲಿ ಬಿಚ್ಚಿದ. ಎರಡನ್ನೂ ಜೋಡಿಸಿ ಹಗೇವಿನ ಪಕ್ಕ ಇಟ್ಟ. ಅತ್ತಿತ್ತ ನೋಡಿ, ಕಂಬದ ಬುಡದಲ್ಲಿ ಬಿದ್ದಿದ್ದ ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ಎತ್ತಿ ತಂದು ಚಪ್ಪಲಿಯ ಮೇಲೆ ಹೇರಿದ.

ಸೂರಪ್ಪ ನೋಡಿದ. ನೋಡಿದ್ದು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಆ ಕಲ್ಲು ಯಾಕಿಟ್ಟೆ ತಿಮ್ಮಪ್ಪ?"

"ಹಾಂ? ನಾಯಿ ಕಚ್ಕೊಂಡು ಹೋಗ್ತಾವಲ್ಲಣ್ಣಾ. ಹೊಲದಾಗ ಎಷ್ಟು ಜೊತೆ ಕಳಕೊಂಡೀನಿ..." ಎನ್ನುತ್ತ ಹಗ್ಗಕ್ಕೆ ಕೈ ಹಾಕಿದವನು ಅಣ್ಣನ ಮುಖ ನೋಡಿ ನಿಂತ.

"ಕೋಟೆಯಾಗ ನಾಯಿ ಇಲ್ಲ."

ಸಣ್ಣತಿಮ್ಮಪ್ಪ ಹಗ್ಗದಿಂದ ಕೈ ತೆಗೆದ.

"ಓವರ್ಸಿಯರ್ ಸತ್ತ ದಿನ ಎಲ್ಲಿಗೆ ಹೋಗಿದ್ದೆ ಅಂದಿದ್ದೆ ನೀನು?"

"ಹರಿಹರಕ್ಕೆ. ಸುಣ್ಣ ತರಾಕ."

"ಮತ್ತೊಂದ್ಸಲ ಹೇಳು."

"ಅಣ್ಣಾ..."

ಬೇರೆಯವರ ತಮ್ಮನಾಗಿದ್ದರೆ ಸೂರಪ್ಪ ಅವತ್ತೇ ಹರಿಹರಕ್ಕೆ ಹೋಗಿ ಸುಣ್ಣದ ಗೂಡಿನಲ್ಲಿ ವಿಚಾರಿಸುತ್ತಿದ್ದ. ತಮ್ಮ ಹೇಳಿದ, ಅಣ್ಣ ನಂಬಿದ. ಅಮೀರ್ ಜಾನ್ ನೂರು ಸಲ ಹೇಳಿದ, ಒಂದು ಸಲವೂ ನಂಬಲಿಲ್ಲ. ನ್ಯಾಯವೆಂದರೆ ಇಷ್ಟೇ ಏನು ಎಂದು ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಸಣ್ಣತಿಮ್ಮಪ್ಪ ಕಂಬಕ್ಕೆ ಒರಗಿ ಕುಸಿದು ಕೂತ. ಕೆಳಗೆ ಕಲ್ಲು ಸರಿಸುವ ಸದ್ದು ನಿಂತಿತ್ತು. ಮೇಲಿನ ಮಾತಿಗೆ ಕರಿಬಸವರಾಜ ಕಿವಿಗೊಟ್ಟಿದ್ದ.

"ಬೂಟು ಬಿಚ್ಚಿದೋನು ನಾನೇ," ಎಂದ ಸಣ್ಣತಿಮ್ಮಪ್ಪ. "ಲಾಟೀನು ಇಳಿಬಿಟ್ಟೋನೂ ನಾನೇ. ತಾನಾಗೇ ಇಳಿದು ಸತ್ತಂಗೆ ಕಾಣ್ಲಿ ಅಂತ. ಲಾಟೀನು ಬಾಗಿಲ ಹತ್ರ ಸಿಕ್ತು, ತಗಂಡೆ. ಅದು ಅಮೀರಣ್ಣಂದು ಅಂತ ಆವಾಗ ತಲೆಗೆ ಹೋಗ್ಲಿಲ್ಲ, ಅವ್ವನಾಣೆ."

"ಬೂಟು ಯಾಕ ಬಿಚ್ಚಿದೆ?"

ಸಣ್ಣತಿಮ್ಮಪ್ಪ ಅಣ್ಣನಿಗೆ ಹುಚ್ಚು ಹಿಡಿಯಿತೇನೋ ಎಂಬಂತೆ ನೋಡಿದ. "ಹಗೇವಿಗೆ ಯಾರಾದ್ರೂ ಮೆಟ್ಟು ಮೆಟ್ಟಿಗೊಂಡು ಇಳಿತಾರೇನಣ್ಣಾ?"

ಸೂರಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇವನಿಗೆ ಆರು ವರ್ಷವಿದ್ದಾಗ ಚಪ್ಪಲಿ ತೊಟ್ಟು ಮನೆಯ ಹಗೇವಿನ ಮೇಲೆ ಕುಣಿದಿದ್ದ. ನೋಡಿ ಅವ್ವನಿಗೆ ಚಾಡಿ ಹೇಳಿದವನು ಸೂರಪ್ಪ. ಅವ್ವ ಕೆನ್ನೆಗೆ ಬಿಗಿದ ಏಟಿಗೆ ಹುಡುಗ ಎರಡು ದಿನ ಅನ್ನ ಮುಟ್ಟಿರಲಿಲ್ಲ. ಹಗೇವಿನ ಪಾಠ ಆ ಮನೆಯಲ್ಲಿ ಅವನಷ್ಟು ಚೆನ್ನಾಗಿ ಕಲಿತವನು ಇನ್ನೊಬ್ಬನಿಲ್ಲ.

"ಏಳು. ಠಾಣೆಗೆ ನಡಿ. ಮೊದ್ಲು ಮನೀಗೆ ಹೋಗಿ ಅವ್ವನ ಮುಂದೆ ಹೇಳು, ಆಮ್ಯಾಲೆ ಠಾಣೆ. ಆಕಿ ಅಲ್ಲಿ ಜೋಳ ಅಳೆದು ಕಳಿಸ್ತಾ ಕೂತಾಳೆ, ಪಾಪ..."

"ಅವ್ವಂಗೆ ಗೊತ್ತೈತೆ."

"ಏನು?"

"ಅವತ್ತಿಂದಾನೇ ಗೊತ್ತೈತೆ. ಹೇಳಿದೋನು ನೀನೇ."

"ನಾನಾ?"

"ಉಣ್ಣುವಾಗ ಪಂಚನಾಮೆ ಓದಿ ಹೇಳಿದ್ಯಲ್ಲಣ್ಣಾ, ದಿನಾ ಓದಿ ಹೇಳ್ದಂಗೆ. ಬೂಟಿನ ಮ್ಯಾಲೆ ಒಂದು ಕಲ್ಲು ಅಂದೆ. ಅವ್ವ ಬಡಿಸ್ತಿದ್ದಾಕಿ ಕೈ ನಿಲ್ಲಿಸಿ, ಸಾಕು ಮುಚ್ಚು, ಉಣ್ಣು ಅಂದ್ಲು. ನೆನಪೈತೇನು?"

ನೆನಪಿತ್ತು. ಹೆಣದ ಮಾತಿಗೆ ಅವ್ವ ಹೇಸಿದಳೆಂದು ಸೂರಪ್ಪ ಅಂದುಕೊಂಡಿದ್ದ. ಕಾಗದ ಮಡಿಸಿಟ್ಟು ಎರಡನೆಯ ರೊಟ್ಟಿ ಹಾಕಿಸಿಕೊಂಡಿದ್ದ.

"ನೀನು ಪೊಲೀಸಿಗೆ ಹೋದ ಮ್ಯಾಲೆ ಹೊಲದ ಹಾದಿ ಹಿಡೀಲಿಲ್ಲ. ಮನ್ಯಾಗ ಚಪ್ಲಿ ಗೂಡಿನಾಗ ಇಡ್ತೀನಿ, ನಿನಗೆ ಹೆಂಗೆ ಗೊತ್ತಾಗಬೇಕು? ಹೊಲಕ್ಕೆ ಬುತ್ತಿ ತರ್ತಿದ್ದಾಕಿ ಅವ್ವ. ಆ ಕಲ್ಲು ನೋಡಿ ದಿನಾ ನಗೋಳು." ಸಣ್ಣತಿಮ್ಮಪ್ಪ ತನ್ನ ಚಪ್ಪಲಿಯ ಮೇಲಿನ ಕಲ್ಲನ್ನು ನೋಡಿದ. "ಅವತ್ತು ಹಿತ್ತಿಲಿಗೆ ಕರೆದು ಕೇಳಿದ್ಲು. ಹೂಂ ಅಂದೆ. ಮರುದಿನ ಅಮೀರಣ್ಣನ ಮನೀಗೆ ಜೋಳ ಅಳೆದ್ಲು. ಎಂಟು ತಿಂಗಳಾತು, ನನ್ನ ಕೂಡ ಮಾತಾಡಿಲ್ಲ."

ಎಂಟು ತಿಂಗಳು. ಪ್ರತಿ ವಾರ ಐದು ಸೇರು. ಅವ್ವನ ಕರುಣೆಯೆಂದು ತಾನು ಹೆಮ್ಮೆಯಿಂದ ಹೆಗಲ ಮೇಲೆ ಹೊತ್ತೊಯ್ದದ್ದು ಏನನ್ನು ಎಂದು ಸೂರಪ್ಪನಿಗೆ ಈಗ ತಿಳಿಯಿತು.

"ದಫೇದಾರ್ರೇ!" ಕೆಳಗಿನಿಂದ ಕರಿಬಸವರಾಜನ ದನಿ. ಅದರಲ್ಲಿ ಗಾಬರಿಯೂ ಇತ್ತು, ಒಂದು ಬಗೆಯ ಸೊಕ್ಕೂ ಇತ್ತು. "ದೀಪ ಮಂಕಾಗ್ತೈತೆ, ನಾ ಮ್ಯಾಲೆ ಬರ್ತೀನಿ. ನೀವು ಠಾಣೆಗೆ ಹೋಗ್ರಿ, ಧಾರಾಳವಾಗಿ ಹೋಗ್ರಿ. ಹೋಗೋಕೆ ಮುಂಚೆ ನಿಮ್ಮ ತಮ್ಮನ್ನ ಒಂದು ಮಾತು ಕೇಳ್ರಿ. ಹೊಡೆದೋರು ಯಾರು ಅಂತ ನೀವಿನ್ನೂ ಕೇಳಲೇ ಇಲ್ಲ."

ಸೂರಪ್ಪ ತಮ್ಮನ ಕಡೆ ತಿರುಗಿದ.

"ಹೊಡೆದೋರು ಯಾರು ತಿಮ್ಮಪ್ಪ?"

ಸಣ್ಣತಿಮ್ಮಪ್ಪ ಎದ್ದು ನಿಂತು, ಬರಿಗಾಲಲ್ಲಿ ಕಂಬವನ್ನು ಸುತ್ತಿ ಬಂದು, ಹಗ್ಗದ ಗಂಟಿಗೆ ಕೈ ಹಾಕಿದ.

"ಅದನ್ನ ಹೇಳೋರು ಇಬ್ರೇ, ಅಣ್ಣಾ. ನಾನೊಬ್ಬ, ಕೆಳಗಿರೋನೊಬ್ಬ." ಅವನ ಬೆರಳುಗಳು ಗಂಟನ್ನು ಸಡಿಲಿಸುತ್ತಿದ್ದವು. "ಬ್ಯಾಡ ಅಂದ್ರೆ ಗಂಟು ಮತ್ತೆ ಬಿಗಿತೀನಿ. ಒಂದು ಮಾತು ಅನ್ನು."

ಕೆಳಗಿನವನು ಬದುಕಿ ಬಂದರೆ ಏನು ಹೇಳುತ್ತಾನೋ, ಯಾರ ಹೆಸರು ಹೇಳುತ್ತಾನೋ. ಬಾರದೆ ಹೋದರೆ ಸೋಮವಾರ ಅಮೀರ್ ಜಾನನ ಕಥೆ ಏನೋ. ಬ್ಯಾಡ ಎಂಬುದು ಎರಡೇ ಅಕ್ಷರದ ಮಾತು. ಅದು ಸೂರಪ್ಪನ ನಾಲಗೆಯ ತುದಿಯವರೆಗೆ ಬಂತು, ಅಲ್ಲೇ ನಿಂತಿತು.

ಗಂಟು ಬಿಚ್ಚಿಕೊಂಡ ಹಗ್ಗ ಕಲ್ಲಿನ ಮೇಲೆ ಸರ್ರನೆ ಹರಿದು ಹಗೇವಿನೊಳಕ್ಕೆ ಹೋಯಿತು.